ಪಾಯಿಂಟ್ಸ್‌ಮನ್ ಭೀಮಶ್ಯಾನ ದ್ರಾಕ್ಷಿ ತಿರುಗಾಟ

ಗುಂಡಗುರ್ತಿಯ ಭೀಮಶ್ಯಾನಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿತೆಂದು ತಿಳಿದ ದಿನ ಅವನ ಹೆಂಡತಿ ದ್ರೌಪದಿ, ಇನ್ನಾದರೂ ಇವನು ಒಂದು ಕಡೆ ನಿಂತಾನು ಎಂದುಕೊಂಡಳು. ಅಲ್ಲಿಯವರೆಗೆ ಅವನು ನಿಂತವನಲ್ಲ. ಶಹಾಬಾದಿನ ಫರಸಿಕಲ್ಲಿನ ಖಣಿಯಲ್ಲಿ ಎರಡು ತಿಂಗಳು, ಸೇಡಂನ ಹತ್ತಿ ಜಿನ್ನಿನಲ್ಲಿ ಒಂದು ಸುಗ್ಗಿ, ಚಿಂಚೋಳಿ ರಸ್ತೆಗೆ ಜಲ್ಲಿ ಹಾಕುವ ಗ್ಯಾಂಗಿನಲ್ಲಿ ಒಂದು ಬೇಸಿಗೆ. ಯಾರೂ ಅವನನ್ನು ಕೆಲಸದಿಂದ ಬಿಡಿಸಿದ್ದಿಲ್ಲ. ಅವನೇ ಒಂದು ಬೆಳಿಗ್ಗೆ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಯಾಕೆಂದು ಕೇಳಿದರೆ, ಒಂದೇ ಜಾಗದಲ್ಲಿ ಬಹಳ ದಿನ ಇದ್ದರೆ ಅಂಗಾಲು ಉರಿಯುತ್ತದೆ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗೂ ಬರುತ್ತಿರಲಿಲ್ಲ.

೧೯೫೭ರಲ್ಲಿ ಅವನು ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆದ. ಗಾಡಿ ಬರುವ ಮೊದಲು ಹಳಿಯ ಪಾಯಿಂಟು ತಿರುಗಿಸಿ ಅದನ್ನು ಅದರ ದಾರಿಗೆ ಹಚ್ಚುವ ಕೆಲಸ. ವಾಡಿಯಿಂದ ಹಳಿ ಮೂರು ದಿಕ್ಕಿಗೆ ಹೋಗುತ್ತದೆ: ಶಹಾಬಾದಿನ ಮೇಲೆ ಮುಂಬಯಿಗೆ, ರಾಯಚೂರಿನ ಮೇಲೆ ಮದ್ರಾಸಿಗೆ, ಚಿತ್ತಾಪುರ ಸೇಡಂ ದಾಟಿ ಹೈದರಾಬಾದಿಗೆ. ಅವನು ಊರೂರಿನ ಮಂದಿಯನ್ನು ದಿನವಿಡೀ ಮುಂದಕ್ಕೆ ಕಳಿಸಿ, ಸಂಜೆ ತಾನು ಎರಡು ಕೋಣೆಯ ಕ್ವಾರ್ಟರ್ಸಿಗೆ ಮರಳುತ್ತಿದ್ದ. ಅದೇ ವರ್ಷ ರೈಲ್ವೆ ಕಾಲೊನಿಯ ಹದಿನಾಲ್ಕು ಮನೆಯವರ ಜೊತೆ ಅವನೂ ದ್ರೌಪದಿಯೂ ಬುದ್ಧನ ಪಂಚಶೀಲ ಹೇಳಿ ದೀಕ್ಷೆ ತೆಗೆದುಕೊಂಡರು. ಐದನೆಯ ಶೀಲ ಹೇಳುವಾಗ, ಕುಡಿತ ಮುಟ್ಟುವುದಿಲ್ಲ ಎನ್ನುವಾಗ, ಭೀಮಶ್ಯಾನ ದನಿ ಉಳಿದವರಿಗಿಂತ ಜೋರಾಗಿತ್ತು. ಅವನ ಅಪ್ಪ ಸಾಯಬಣ್ಣ ಶಿಂದಿ ಕುಡಿದು ಕುಡಿದೇ ಹೋದವನು. ಗುಂಡಗುರ್ತಿಯಲ್ಲಿ ಇಂದಿಗೂ ಆ ಹೆಸರು ಹೇಳಿದರೆ ಮಂದಿ ಮೊದಲು ನೆನೆಯುವುದು ಆ ಶಿಂದಿಯ ಮಡಕೆಯನ್ನೇ.

ನಾಲ್ಕು ವರ್ಷ ಹೇಗೋ ನಿಂತ. ಮಗಳು ಹುಟ್ಟಿದಳು. ಮುಂದೆ ಅವಳು ಶಾಲೆಗೆ ಹೋಗುವ ವಯಸ್ಸಿಗೆ ತೆಂಗಳಿಯ ಅಜ್ಜಿ ಮನೆ ಸೇರಿದಳು. ಅದಕ್ಕೂ ಮೊದಲೇ, ೧೯೬೧ರ ಫೆಬ್ರುವರಿಯ ಒಂದು ಮಧ್ಯಾಹ್ನ, ಹೈದರಾಬಾದಿನಿಂದ ಮುಂಬಯಿಗೆ ಹೊರಟ ಗಾಡಿಯ ಪಾರ್ಸೆಲ್ ಡಬ್ಬಿಯಿಂದ ಒಂದು ಬಿದಿರು ಬುಟ್ಟಿ ಜಾರಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಒಡೆಯಿತು. ಒಳಗಿದ್ದದ್ದು ಅನಾಬ್‌ಶಾಹಿ ದ್ರಾಕ್ಷಿ. ಹೆಬ್ಬೆರಳಿನಷ್ಟು ಉದ್ದ, ತಿಳಿಹಸಿರು, ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಕಾಣುವಂಥದ್ದು. ಪಾರ್ಸೆಲ್ ಬಾಬು ಒಡೆದ ಗೊಂಚಲುಗಳನ್ನು ಅಲ್ಲಿದ್ದವರಿಗೆಲ್ಲ ಹಂಚಿದ. ಭೀಮಶ್ಯಾ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಉಳಿದ ಗೊಂಚಲನ್ನು ಟವೆಲಿನಲ್ಲಿ ಕಟ್ಟಿ ಮನೆಗೆ ತಂದ.

"ಇದು ಎಲ್ಲಿ ಬೆಳೀತದ?" ಎಂದು ಅವನು ದ್ರೌಪದಿಯನ್ನು ಕೇಳಿದ, ಅವಳಿಗೆ ಗೊತ್ತಿರುವವಳಂತೆ.

"ನನಗೇನ್ ಗೊತ್ತು? ತಿನ್ರಿ ಸುಮ್ಮ," ಅಂದಳು ಅವಳು.

ಸುಮ್ಮನೆ ತಿನ್ನುವುದು ಅವನಿಂದ ಆಗಲಿಲ್ಲ. ರೈಲ್ವೆಯವರಿಗೆ ವರ್ಷಕ್ಕೊಮ್ಮೆ ಬಿಟ್ಟಿ ಪಾಸು ಸಿಗುತ್ತದೆ, ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಉಳಿದವರು ಪಂಢರಪುರಕ್ಕೋ ತಿರುಪತಿಗೋ ಹೋಗುತ್ತಿದ್ದರು, ಇಲ್ಲವೇ ಮಾವನ ಮನೆಗೆ. ಭೀಮಶ್ಯಾ ಮರುವರ್ಷ ಪಾಸಿನ ಮೇಲೆ ಹೈದರಾಬಾದಿಗೆ ಹೋದ, ದ್ರಾಕ್ಷಿಯ ಬಾಗು, ಅಂದರೆ ತೋಟ, ನೋಡಲು.

ಊರ ಹೊರಗೆ ಮೈಲುಗಟ್ಟಲೆ ಹಂದರ. ಕಲ್ಲು ಕಂಬ ನೆಟ್ಟು, ಮೇಲೆ ತಂತಿ ಬಿಗಿದು, ಬಳ್ಳಿಯನ್ನು ಛತ್ತಿನ ಹಾಗೆ ಹಬ್ಬಿಸಿದ್ದರು. ಒಂದು ಬಾಗಿನ ಬಾಗಿಲಲ್ಲಿ ಅರ್ಧ ದಿನ ನಿಂತ ಮೇಲೆ ಒಳಗಿಂದ ಮಾಲಿಯೊಬ್ಬ ಬಂದ. ಗಡ್ಡ ಅರ್ಧ ನೆರೆತಿತ್ತು, ಸೊಂಟದಲ್ಲಿ ಕತ್ತರಿ. ಅವನೇ ಶೌಕತ ಅಲಿ. ಭೀಮಶ್ಯಾ ಬಾಯಿ ತೆರೆದದ್ದೇ ತಡ, ಶೌಕತ ಅಲಿ ನಕ್ಕುಬಿಟ್ಟ.

"ಅರೆ, ನಮ್ಮ ಕಡೀ ಮಾತು! ನಾ ಚಿತ್ತಾಪುರದವರೀ. ಬರ್ರಿ, ಬರ್ರಿ, ಕುಂದ್ರಿ. ಹಣ್ಣು ಒಯ್ಲಿಕ್ಕ ಬಂದೀರೇನು?"

"ಇಲ್ಲರಿ. ನೋಡ್ಲಿಕ್ಕ ಬಂದೀನಿ."

"ನೋಡ್ಲಿಕ್ಕ? ಬರೇ ನೋಡ್ಲಿಕ್ಕ?" ಶೌಕತ ಅಲಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರ ನಾಕ್ ದಿನ ಇರಬೇಕಾಗ್ತದ."

ಆ ಬಾಗಿನಲ್ಲಿ ವ್ಯಾಪಾರಿಗಳಿಗೆಂದೇ ಒಂದು ಬಂಗಲೆ ಇತ್ತು. ಅದರಲ್ಲಿ ಅವನಿಗೆ ಜಾಗವಿಲ್ಲ. ಹಣ್ಣು ತುಂಬುವ ಶೆಡ್ಡಿನಲ್ಲಿ, ಒಣ ಹುಲ್ಲಿನ ಮೇಲೆ ಮಲಗಿದ. ನಾಲ್ಕು ದಿನ ಶೌಕತ ಅಲಿಯ ಬೆನ್ನ ಹಿಂದೆ ತಿರುಗಿದ. ಹೊರಡುವಾಗ ಆರು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟು ಶೌಕತ ಅಲಿ ಒಂದೇ ಮಾತು ಒತ್ತಿ ಹೇಳಿದ:

"ನೆನಪಿಡ್ರಿ, ಬಳ್ಳಿ ಕಡೀಬೇಕು. ನಾವು ಅದಕ್ಕ ಚಾಟ್ನಿ ಅಂತೀವಿ. ಏಪ್ರಿಲ್‌ದಾಗ ಒಮ್ಮಿ, ಅಕ್ಟೋಬರ್‌ದಾಗ ಒಮ್ಮಿ. ಕೈ ನಡುಗಬಾರ್ದು. ಕಡೀಲಿಲ್ಲಂದ್ರ ಬರೇ ಎಲಿ ನೋಡ್ಕೋತ ಕುಂದ್ರಬೇಕಾಗ್ತದ."

ಆರರಲ್ಲಿ ಒಂದು ಕಡ್ಡಿ ಬದುಕಿತು. ಕ್ವಾರ್ಟರ್ಸಿನ ಹಿತ್ತಲಲ್ಲಿ ಹಳೆಯ ಹಳಿಯ ತುಂಡುಗಳನ್ನು ನೆಟ್ಟು ಹಂದರ ಹಾಕಿದ. ಬಳ್ಳಿ ಹಬ್ಬಿದ್ದು ಹಬ್ಬಿದ್ದೇ. ಎರಡನೆಯ ವರ್ಷಕ್ಕೆ ನೆರಳಾಯಿತು, ಮೂರನೆಯ ವರ್ಷಕ್ಕೆ ಪಕ್ಕದ ಮನೆಯ ಛತ್ತು ಏರಿತು. ಹಣ್ಣು ಮಾತ್ರ ಒಂದೂ ಬಿಡಲಿಲ್ಲ. ಏಪ್ರಿಲ್ ಬಂದಾಗ ಅವನು ಕತ್ತರಿ ಹಿಡಿದು ಅಡಿಯಲ್ಲಿ ನಿಲ್ಲುತ್ತಿದ್ದ. ಅಷ್ಟು ಚೆಂದ ಬೆಳೆದದ್ದನ್ನು ಕಡಿಯಲು ಮನಸ್ಸು ಬರುತ್ತಿರಲಿಲ್ಲ. ತುದಿಯಲ್ಲಿ ನಾಲ್ಕು ಎಲೆ ಕತ್ತರಿಸಿ ಒಳಗೆ ಬರುತ್ತಿದ್ದ. ಆಮೇಲೆ ದಿನವಿಡೀ ಒಳಗೂ ಹೊರಗೂ ಓಡಾಡುತ್ತಿದ್ದ. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಹೋಗಿ ಬಳ್ಳಿ ನೋಡಿ ಬರುತ್ತಿದ್ದ. ತನ್ನ ಹಿತ್ತಲಲ್ಲಿ ಸಿಗದ ಉತ್ತರ ಬೇರೆ ಎಲ್ಲೋ ಇದೆ ಎಂದು ಅವನಿಗೆ ಅನಿಸತೊಡಗಿತು.

ಹಾಗೆ ಶುರುವಾಯಿತು ತಿರುಗಾಟ. ಒಂದು ವರ್ಷ ಸೊಲ್ಲಾಪುರದ ಕಡೆ, ಒಂದು ವರ್ಷ ದೌಲತಾಬಾದಿನ ಕೋಟೆಯ ಬುಡದ ಬಾಗುಗಳು, ಮತ್ತೊಂದು ವರ್ಷ ತಾಸಗಾಂವ. ಆಮೇಲೆ ದೊಡ್ಡಬಳ್ಳಾಪುರ, ಅಲ್ಲಿಯ ಕಪ್ಪು ದ್ರಾಕ್ಷಿಗೆ ಬೇರೆಯದೇ ವಾಸನೆ. ಎಲ್ಲಿ ಹೋದರೂ ಬಾಗಿನಲ್ಲೇ ಇರುತ್ತಿದ್ದ. ಪಂಪಿನ ಕೋಣೆ, ಗೊಬ್ಬರದ ಶೆಡ್ಡು, ಮಾಲಿಯ ಪಡಸಾಲೆ, ಯಾರು ಎಲ್ಲಿ ಕೈ ತೋರಿಸಿದರೂ ಅಲ್ಲಿ. ಊರಿನೊಳಗೆ ಹೋಗಿ ಜಾಗ ಕೇಳಿದರೆ ಯಾವ ಮಂದಿ ಎಂಬ ಮಾತು ಬರುತ್ತಿತ್ತು. ಬಾಗಿನಲ್ಲಿ ಮೊದಲು ಬರುತ್ತಿದ್ದದ್ದು ಬಳ್ಳಿಯ ಮಾತು. ಕೆಲವು ಕಡೆ ಎರಡನೆಯ ದಿನ ಆ ಪ್ರಶ್ನೆಯೂ ಬರುತ್ತಿತ್ತು. ಆಗ ಅವನು ರೈಲ್ವೆಯವರು ಎಂದು ಹೇಳಿ, ಮೂರನೆಯ ದಿನ ಹೊರಟುಬಿಡುತ್ತಿದ್ದ.

ದ್ರೌಪದಿ ಇದನ್ನೆಲ್ಲ ನಂಬಿರಲಿಲ್ಲ. ದ್ರಾಕ್ಷಿ ನೋಡಲು ಯಾರಾದರೂ ರೈಲು ಹತ್ತಿ ಹೋಗುತ್ತಾರೆಯೇ? ಕಾಲೊನಿಯ ಹೆಂಗಸರು ನಳದ ಹತ್ತಿರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ದ್ರಾಕ್ಷಿಯಿಂದ ದಾರೂ ಮಾಡುತ್ತಾರಂತೆ, ಸಾಯಬಣ್ಣನ ಮಗ ಶೀಲ ಕಟ್ಟಿಕೊಂಡು ವಾಡಿಯಲ್ಲಿ ಹೇಗೆ ಕುಡಿದಾನು, ಅದಕ್ಕೇ ದೂರ ಹೋಗಿ ಕುಡಿದು ಬರುತ್ತಾನೆ. ಅವನು ತಿರುಗಿ ಬಂದಾಗಲೆಲ್ಲ ಅವಳು ಬಟ್ಟೆ ಒಗೆಯುವ ಮೊದಲು ಅಂಗಿಯನ್ನು ಮೂಗಿಗೆ ಹಿಡಿಯುತ್ತಿದ್ದಳು. ಹೊಗೆಬಂಡಿಯ ಕರಿ, ಬೆವರು, ಹಸಿ ಎಲೆ. ಬೇರೆ ವಾಸನೆ ಸಿಗಲಿಲ್ಲ. ಸಿಗಲಿಲ್ಲ ಎಂದು ಸಮಾಧಾನವೂ ಆಗಲಿಲ್ಲ.

೧೯೬೭ರ ಸೆಪ್ಟೆಂಬರಿನಲ್ಲಿ ಶೌಕತ ಅಲಿಯ ಕಾರ್ಡು ಬಂತು. ನಾಸಿಕದ ಕಡೆ ಒಬ್ಬ ಕಿರಿಸ್ತಾನ ಬಾಯಿ ಬಾಗಿನೊಳಗೇ ನಾಲ್ಕು ಖೋಲಿ ಕಟ್ಟಿಸಿ ಬಂದವರಿಗೆ ಬಾಡಿಗೆಗೆ ಕೊಡುತ್ತಾಳೆ, ಹೋಟೆಲ್ಲಿನ ಹಾಗೆ. ಅಕ್ಟೋಬರಿನ ಚಾಟ್ನಿ ನೋಡಬೇಕಾದರೆ ಅಲ್ಲೇ ನೋಡಬೇಕು, ಎಂದು ಬರೆಸಿದ್ದ. ಭೀಮಶ್ಯಾ ಅಂದೇ ಪಾಸಿಗೆ ಅರ್ಜಿ ಹಾಕಿದ.

"ಈ ಸಲ ನಾನೂ ಬರ್ತೀನಿ," ಅಂದಳು ದ್ರೌಪದಿ.

"ನೀ ಬಂದು ಏನ್ ಮಾಡ್ತಿ?"

"ನೀವ್ ಏನ್ ಮಾಡ್ತೀರಿ ನೋಡ್ತೀನಿ."

ಅವನು ಅವಳ ಮುಖ ನೋಡಿದ. ಐದು ವರ್ಷ ಅವಳ ಮನಸ್ಸಿನಲ್ಲಿ ಏನು ಕುದಿಯುತ್ತಿತ್ತು ಎಂಬುದು ಆಗ ಅವನಿಗೆ ಹೊಳೆಯಿತು. ಸಿಟ್ಟು ಬಂತು. ಆದರೂ ಪಾಸಿನ ಅರ್ಜಿಯಲ್ಲಿ ಹೆಂಡತಿಯ ಹೆಸರು ಬರೆಸಿದ. ಮುಂಬಯಿ ಹತ್ತಿರದ ಕಲ್ಯಾಣದವರೆಗೆ ಇಬ್ಬರೂ ಎದುರುಬದುರು ಕೂತು ಕಿಟಕಿಯ ಹೊರಗೇ ನೋಡುತ್ತ ಹೋದರು.

ಆ ಬಾಯಿಯ ಹೆಸರು ಫಿಲೋಮಿನಾಬಾಯಿ. ಅರವತ್ತು ದಾಟಿದ ವಿಧವೆ. ಮೊಣಕಾಲು ನೋವಿಗೆ ಕೋಲು ಹಿಡಿದು ನಡೆಯುತ್ತಿದ್ದಳು, ಆದರೂ ಬಾಗಿನ ಪ್ರತಿ ಸಾಲೂ ಅವಳ ಕಣ್ಣಳತೆಯಲ್ಲಿತ್ತು. ಮೊದಲಿನಿಂದ ಅವಳ ಮನೆಯವರು ಚರ್ಚಿನ ಪೂಜೆಗೆ ದ್ರಾಕ್ಷಾರಸ ಮಾಡಿ ಕೊಡುತ್ತಿದ್ದವರು. ಮುಂಬಯಿಯ ಪಾರ್ಸಿ ಮಂದಿ ಹವಾ ಬದಲಿಗೆಂದು ಬಂದು ಖೋಲಿಗಳಲ್ಲಿ ಉಳಿದು, ಬಾಗು ಸುತ್ತಾಡಿ, ಹಣ್ಣು ತಿಂದು, ಸಂಜೆ ಆ ರಸದ ರುಚಿ ನೋಡಿ ಹೋಗುತ್ತಿದ್ದರು. ಭೀಮಶ್ಯಾ ತನ್ನ ರೈಲ್ವೆ ಮರಾಠಿಯಲ್ಲಿ ಬಂದ ಕಾರಣ ಹೇಳಿದ. ಅವಳು ಕೇಳಿದ್ದು ಎರಡೇ ಪ್ರಶ್ನೆ: ಬಳ್ಳಿಗೆ ಎಷ್ಟು ವಯಸ್ಸು? ಐದು ಎಂದ. ಒಮ್ಮೆಯೂ ಹಣ್ಣಿಲ್ಲವೇ? ಇಲ್ಲ. ಅವಳು ತಲೆ ಅಲ್ಲಾಡಿಸಿ ಮೂರನೆಯ ಖೋಲಿಯ ಚಾವಿ ತೆಗೆದು ದ್ರೌಪದಿಯ ಕೈಗೆ ಕೊಟ್ಟಳು.

ಖೋಲಿಯಲ್ಲಿ ಎರಡು ಕಬ್ಬಿಣದ ಮಂಚ, ಬಿಳಿ ಚಾದರ, ಕಿಟಕಿಯ ಆಚೆ ಬಳ್ಳಿಯ ಸಾಲು. ದ್ರೌಪದಿ ಮಂಚದ ತುದಿಯಲ್ಲಿ ಕೂತು ಚಾದರದ ಮೇಲೆ ಅಂಗೈ ಇಟ್ಟಳು, ಮತ್ತೆ ತೆಗೆದಳು.

"ಯಾರರ ಬಂದು ಏಳ್ರಿ ಅಂದ್ರ?" ಎಂದಳು.

"ಅನ್ನಂಗಿಲ್ಲ," ಎಂದ ಅವನು. ಹಾಗೆಂದರೂ ಬಾಗಿಲ ಕಡೆ ಕಿವಿ ಇಟ್ಟೇ ಇದ್ದ.

ಸಂಜೆ ಹಂದರದ ಕೆಳಗೆ ಉದ್ದನೆಯ ಮೇಜು. ಪಾರ್ಸಿ ಗಂಡಹೆಂಡತಿ, ನಾಸಿಕದ ಒಬ್ಬ ವಕೀಲ, ಫಿಲೋಮಿನಾಬಾಯಿ, ಅವರ ನಡುವೆ ಇವರಿಬ್ಬರು. ಎಲ್ಲರಿಗೂ ಒಂದೇ ಬಗೆಯ ತಾಟು. ಅವರೊಡನೆ ಮೇಜಿಗೆ ಕೂತು ಉಣ್ಣುವುದು ಇಬ್ಬರಿಗೂ ಹೊಸತು. ದ್ರೌಪದಿ ತುತ್ತನ್ನು ಬಾಯಿಗೆ ಒಯ್ಯುವ ಮೊದಲು ಎಡಬಲ ನೋಡುತ್ತಿದ್ದಳು. ಊಟದ ನಡುವೆ ಫಿಲೋಮಿನಾಬಾಯಿ ತಾನೇ ಎದ್ದು ಚೀನಿಮಣ್ಣಿನ ಭರಣಿಯಿಂದ ಕಪ್ಪುಗೆಂಪು ರಸವನ್ನು ಗಾಜಿನ ಪೇಲೆಗಳಿಗೆ ಬಗ್ಗಿಸಿದಳು. ಒಂದು ಪೇಲೆ ಭೀಮಶ್ಯಾನ ಮುಂದೆ ಬಂತು.

ದ್ರೌಪದಿ ಉಣ್ಣುವುದನ್ನು ನಿಲ್ಲಿಸಿದಳು.

ಭೀಮಶ್ಯಾ ಪೇಲೆಯನ್ನು ಎತ್ತಿದ. ದೀಪಕ್ಕೆ ಹಿಡಿದು ಬಣ್ಣ ನೋಡಿದ, ಹತ್ತಿರ ತಂದು ಮೂಸಿದ, ಮೆಲ್ಲಗೆ ಕೆಳಗಿಟ್ಟು ಫಿಲೋಮಿನಾಬಾಯಿಯ ಕಡೆಗೆ ಸರಿಸಿದ. "ನಾವು ಬುದ್ಧನ ಮಂದಿ, ಬಾಯಿ. ಕುಡಿಯಂಗಿಲ್ಲ ಅಂತ ಮಾತು ಕೊಟ್ಟೀವಿ," ಎಂದು ಮರಾಠಿಯಲ್ಲಿ ಹೇಳಿದ. ಅಷ್ಟು ಮಂದಿಯ ಎದುರು, ಯಾರೂ ಕೇಳದೆಯೇ, ತಾನು ಯಾರೆಂದು ಹೇಳಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ವಕೀಲ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಊಟಕ್ಕೆ ಬಾಗಿದ. ಫಿಲೋಮಿನಾಬಾಯಿ, "ಮಾತು ಕೊಟ್ಟರೆ ಕೊಟ್ಟಹಾಗೆ," ಎಂದು ಆ ಪೇಲೆಯನ್ನು ತನ್ನ ಮುಂದೆ ಇಟ್ಟುಕೊಂಡು, ಇವರಿಬ್ಬರಿಗೂ ಮಜ್ಜಿಗೆ ತರಿಸಿದಳು.

ಖೋಲಿಗೆ ಬಂದ ಮೇಲೆ ದ್ರೌಪದಿ ಗೋಡೆಯ ಕಡೆ ಮುಖ ಮಾಡಿ, "ನಾ ಐದು ವರ್ಷ ನಿಮ್ಮ ಅಂಗಿ ಮೂಸೀನಿ," ಎಂದಳು.

"ಗೊತ್ತದ," ಎಂದ ಅವನು. ಗೊತ್ತಾಗಿದ್ದು ಈಗೊಂದು ತಿಂಗಳ ಹಿಂದೆ ಎಂಬುದನ್ನು ಹೇಳಲಿಲ್ಲ.

ಮರುದಿನದಿಂದ ಬಾಗಿನಲ್ಲಿ ಚಾಟ್ನಿ. ಹತ್ತು ಹನ್ನೆರಡು ಹೆಂಗಸರು ಸಾಲುಸಾಲಾಗಿ ನಿಂತು ಕಡ್ಡಿ ಕಡಿಯುತ್ತ ಹೋಗುತ್ತಿದ್ದರು. ಪ್ರತಿ ಕಡ್ಡಿಯಲ್ಲಿ ಐದಾರು ಚಿಗುರುಗಣ್ಣು ಬಿಟ್ಟು ಕಚಕ್, ಮುಂದಿನದು. ಭೀಮಶ್ಯಾ ಪ್ರತಿ ಕಡ್ಡಿಯ ಮುಂದೆ ನಿಂತು ಯೋಚಿಸುತ್ತಿದ್ದ. ದ್ರೌಪದಿ ಒಂದು ತಾಸು ನೋಡಿದಳು, ಎರಡನೆಯ ತಾಸಿಗೆ ಕತ್ತರಿ ಕೇಳಿ ಪಡೆದಳು. ಹತ್ತನೆಯ ವಯಸ್ಸಿನಿಂದ ತೊಗರಿ ಕೊಯ್ದ ಕೈ. ಸಂಜೆಗೆ ಎರಡು ಸಾಲು ಮುಗಿಸಿದ್ದಳು. ಫಿಲೋಮಿನಾಬಾಯಿ ಕೋಲೂರಿಕೊಂಡು ಬಂದು ಆ ಸಾಲುಗಳನ್ನು ಪರೀಕ್ಷಿಸಿ, ಭೀಮಶ್ಯಾನ ಕಡೆ ತಿರುಗಿ, "ನೀನು ಯಾಕೆ ಊರೂರು ತಿರುಗುತ್ತಿ? ಕಡಿಯುವ ಕೈ ನಿನ್ನ ಮನೆಯಲ್ಲೇ ಇತ್ತಲ್ಲ," ಎಂದಳು.

ವಾಡಿಗೆ ಬಂದ ನಾಲ್ಕನೆಯ ದಿನ, ಭೀಮಶ್ಯಾ ಡ್ಯೂಟಿಯಲ್ಲಿದ್ದಾಗ, ದ್ರೌಪದಿ ಹಿತ್ತಲಿಗೆ ಹೋಗಿ ಬಳ್ಳಿಯನ್ನು ಕಡಿದುಹಾಕಿದಳು. ಅವನು ಬಂದು ನೋಡಿದರೆ ನೆರಳಿದ್ದಲ್ಲಿ ಬಿಸಿಲು, ಹಂದರದ ಮೇಲೆ ಬೋಳು ಕಡ್ಡಿ, ನೆಲದ ಮೇಲೆ ಎಲೆಯ ರಾಶಿ.

"ಏನ್ ಮಾಡಿದ್ಯೇ ಇದು! ನನ್ನ ಕೇಳಬೇಕಿತ್ತು!"

"ಕೇಳಿದ್ರ ಇನ್ನೂ ಐದು ವರ್ಷ ಆಗ್ತಿತ್ತು."

ಅವನು ಊಟ ಮಾಡಲಿಲ್ಲ. ಡ್ಯೂಟಿ ಮುಗಿದರೂ ಮನೆಗೆ ಬರದೆ ಹಳಿಗುಂಟ ಚಿತ್ತಾಪುರದ ಕಡೆ ಮೈಲುಗಟ್ಟಲೆ ನಡೆದು ಹಿಂದಿರುಗುತ್ತಿದ್ದ. ಹನ್ನೆರಡನೆಯ ದಿನ ಬೋಳು ಕಡ್ಡಿಯ ಕಣ್ಣುಗಳು ಒಡೆದವು. ಎಲೆಯ ಜೊತೆಗೆ ಸಾಸಿವೆ ಕಾಳಿನಷ್ಟು ಸಣ್ಣ ಹಸಿರು ಮೊಗ್ಗಿನ ಗೊಂಚಲು. ಅವನು ಎಣಿಸಿದ, ಮೂವತ್ತೊಂದು. ಒಳಗೆ ಬಂದು, ಹೆಂಡತಿ ಬೇಡವೆಂದರೂ ಎರಡು ಕೊಡ ನೀರು ತಂದು ತುಂಬಿದ. ಫೆಬ್ರುವರಿಯಲ್ಲಿ ಹಣ್ಣಾಯಿತು. ಕಾಲೊನಿಯ ಹದಿನಾಲ್ಕು ಮನೆಗೂ ಒಂದೊಂದು ಗೊಂಚಲು ಹೋಯಿತು, ನಳದ ಹತ್ತಿರ ನಕ್ಕವರ ಮನೆಗೂ.

ಆ ಬಳ್ಳಿ ಪ್ಲಾಟ್‌ಫಾರ್ಮಿನಿಂದ ಕಾಣುತ್ತಿತ್ತು. ೧೯೭೦ರ ಬೇಸಿಗೆಯ ಮೊದಲಿಗೆ, ಗಾಡಿ ಬದಲಿಸಲು ಇಳಿದ ಬಸವಂತರಾಯ ಎಂಬ ದೊಡ್ಡ ಜಮೀನುದಾರ ಅದನ್ನು ಕಂಡು ಬೇಲಿಯವರೆಗೆ ನಡೆದುಬಂದ. ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯ ಪಕ್ಕದ ಹೊಳೆದಂಡೆಯಲ್ಲಿ ಅವನೂ ನಾಲ್ಕು ಎಕರೆ ದ್ರಾಕ್ಷಿ ಹಾಕಿದ್ದ. ಹೈದರಾಬಾದಿನ ವ್ಯಾಪಾರಿಗಳು ಬಂದರೆ ಉಳಿಯಲೆಂದು ನಡುವೆ ಎರಡು ಖೋಲಿಯ ಬಂಗಲೆ ಬೇರೆ. ಹಣ್ಣು ಮಾತ್ರ ಬಂದಿರಲಿಲ್ಲ.

"ನೀವು ಒಮ್ಮಿ ಬರಬೇಕ್ರಿ ನಮ್ಮ ಬಾಗಿಗಿ," ಎಂದ ಬಸವಂತರಾಯ. "ಅಕ್ಟೋಬರ್‌ದಾಗ ಜೀಪ್ ಕಳಸ್ತೀನಿ. ಬಂಗಲೇದಾಗೇ ಇರ್ರಿ."

ಭೀಮಶ್ಯಾ ರಜೆ ಹಾಕಿ ಹೋದ. ಮೊದಲ ಖೋಲಿ ಅವನಿಗೆ. ಎರಡು ದಿನ ಬಸವಂತರಾಯನ ಜೊತೆ ಬಂಗಲೆಯ ಮೇಜಿಗೇ ಕೂತು ರೊಟ್ಟಿ ಪುಂಡಿಪಲ್ಯೆ ಉಂಡ. ಬೆಳಿಗ್ಗೆಯಿಂದ ಸಂಜೆಯವರೆಗೆ ಆಳುಗಳಿಗೆ ಕಲಿಸುತ್ತ ತಾನೇ ಕಡಿದ. ಎರಡು ಎಕರೆ ಮುಗಿಯಿತು. ಮೂರನೆಯ ದಿನ ಮಧ್ಯಾಹ್ನ ಗುಂಡಗುರ್ತಿಯಿಂದ ಬಸವಂತರಾಯನ ಬೀಗ ಗುರುಲಿಂಗಪ್ಪ ಬಂದ. ಹಂದರದ ಕೆಳಗೆ ಬಂದು ನಿಂತು ನೋಡಿದ.

"ಇವ ನಮ್ಮೂರ ಸಾಯಬಣ್ಣನ ಮಗ ಅಲ್ಲೇನು? ಆ ಕೇರಿಯವ?"

ಬಸವಂತರಾಯ ಬೀಗನನ್ನು ಕರೆದುಕೊಂಡು ಬಂಗಲೆಯೊಳಗೆ ಹೋದ. ಸಂಜೆ ಭೀಮಶ್ಯಾ ಕೈಕಾಲು ತೊಳೆದು ಬಂಗಲೆಗೆ ಬಂದರೆ ಅವನ ಚೀಲ ಖೋಲಿಯಲ್ಲಿರಲಿಲ್ಲ. ಪಂಪಿನ ಕೋಣೆಯ ಬಾಗಿಲಲ್ಲಿತ್ತು. ಪಕ್ಕದಲ್ಲಿ ಮುತ್ತುಗದ ಎಲೆಯಲ್ಲಿ ಕಟ್ಟಿದ ರೊಟ್ಟಿ. ಬಸವಂತರಾಯ ಪಡಸಾಲೆಯಲ್ಲೇ ನಿಂತು, ಮುಖ ನೋಡದೆ, "ನಾಳಿ ನಸುಕಿನ್ಯಾಗೇ ಶುರು ಮಾಡು. ನೀ ಇನ್ನಾ ಎರಡು ಎಕರೆ ಮುಗಿಸಬೇಕು," ಎಂದ.

ಬೆಳಿಗ್ಗೆ 'ನೀವು' ಇದ್ದದ್ದು ಸಂಜೆಗೆ 'ನೀ' ಆಗಿತ್ತು. ಭೀಮಶ್ಯಾನ ಕಿವಿಯಲ್ಲಿ ಆ ಒಂದು ಅಕ್ಷರವೇ ನಿಂತಿತು. ಅವನು ಎಷ್ಟೋ ಪಂಪಿನ ಕೋಣೆಗಳಲ್ಲಿ ಮಲಗಿದ್ದ, ಯಾವುದೂ ಅವನನ್ನು ಹೀಗೆ ಚುಚ್ಚಿರಲಿಲ್ಲ. ರೊಟ್ಟಿಯನ್ನು ಮುಟ್ಟಲಿಲ್ಲ. ಚೀಲ ಎತ್ತಿಕೊಂಡು ರಸ್ತೆಗೆ ನಡೆದು ಸೇಡಂಗೆ ಹೋಗುವ ಕೊನೆಯ ಬಸ್ಸು ಹಿಡಿದ.

ಮನೆಗೆ ಬಂದು ಎಲ್ಲ ಹೇಳಿದಾಗ ದ್ರೌಪದಿ, "ಬಿಟ್ಟು ಬಂದದ್ದು ಭಾಳ ಚೊಲೋ ಮಾಡಿದ್ರಿ," ಎಂದಳು. ಆದರೆ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ದಿನಗಳು ಓಡುತ್ತಿದ್ದವು. ಇತ್ತ ಎರಡು ಎಕರೆ ಚಿಗುರಿ, ಅತ್ತ ಎರಡು ಎಕರೆ ಹಾಗೇ ನಿಂತರೆ ಈ ವರ್ಷದ ಹಣ್ಣು ಹೋದಂತೆ. ಕೇಬಿನ್ನಿನಲ್ಲಿ ನಿಂತು ಕೈ ಪಾಯಿಂಟಿನ ಹಿಡಿಕೆಯ ಮೇಲಿದ್ದರೂ ಮನಸ್ಸು ಹೊಳೆದಂಡೆಯಲ್ಲಿತ್ತು. ಬಸವಂತರಾಯನ ಮೇಲೆ ಸಿಟ್ಟು ಬಂದಷ್ಟೇ ಆ ಬಳ್ಳಿಗಳ ಮೇಲೆ ಸಂಕಟವಾಗುತ್ತಿತ್ತು. ಸಂಕಟಪಟ್ಟದ್ದಕ್ಕೆ ತನ್ನ ಮೇಲೇ ಮತ್ತೆ ಸಿಟ್ಟು.

ಐದನೆಯ ದಿನ ಬಸವಂತರಾಯನೇ ವಾಡಿಗೆ ಬಂದ. ಭೀಮಶ್ಯಾ ಬೇವಿನ ಮರದ ಕೆಳಗೆ ಬುತ್ತಿಗಾಗಿ ಕಾಯುತ್ತ ಕೂತಿದ್ದ, ಏಳಲಿಲ್ಲ.

"ನಮ್ಮ ಆಳು ಕಡೀಲಿಕ್ಕ ಹೋಗಿ ಒಂದು ಸಾಲು ಕೆಡಿಸ್ಯಾರ," ಎಂದ ಬಸವಂತರಾಯ. "ಉಳದದ್ದು ಮುಗಿಸಿ ಕೊಡಬೇಕು."

ಅಷ್ಟರಲ್ಲಿ ದ್ರೌಪದಿ ಬುತ್ತಿ ತಂದಳು. ಬಂದವನು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ. ಬುತ್ತಿಯನ್ನು ಗಂಡನ ಮುಂದಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸಾವಕಾರ್ರೆ, ಬರ್ತೀವಿ. ಇಬ್ಬರೂ ಬರ್ತೀವಿ. ನಾ ಇವರಕಿಂತ ಲಗೂನ ಕಡೀತೀನಿ, ಎರಡು ದಿನದಾಗ ಮುಗೀತದ. ಆದ್ರ ನಾವು ಬಂಗಲೇದಾಗೇ ಇರ್ತೀವಿ. ನೀವು ಎಲ್ಲಿ ಕುಂತು ಉಣ್ತೀರಿ, ಅಲ್ಲೇ ಉಣ್ತೀವಿ. ಮತ್ತ ಇವರಿಗಿ 'ನೀ' ಅನ್ನಂಗಿಲ್ಲ."

ಬಸವಂತರಾಯನ ಮುಖ ಕಪ್ಪಿಟ್ಟಿತು. ಅವಳ ಮಾತು ತಡೆಯಬೇಕೆಂದು ಭೀಮಶ್ಯಾನಿಗೆ ಒಂದು ಗಳಿಗೆ ಅನಿಸಿತು, ತಡೆಯಲಿಲ್ಲ. "ಅಕಿ ಅಂದದ್ದೇ ನನ್ನ ಮಾತು," ಎಂದಷ್ಟೇ ಹೇಳಿದ. ಬಸವಂತರಾಯ ಜೀಪು ಹತ್ತಿ ಹೊರಟುಹೋದ.

ಮರುದಿನ ಏನೂ ಇಲ್ಲ. ಅದರ ಮರುದಿನ ಬೆಳಿಗ್ಗೆ ಜೀಪು ಮಾತ್ರ ಬಂತು. ಡ್ರೈವರ್ ಇಳಿದು, "ಇಬ್ಬರನ್ನೂ ಕರ್ಕೊಂಡು ಬಾ ಅಂದಾರ್ರಿ," ಎಂದ.

ಆ ದಿನ ಮಧ್ಯಾಹ್ನ ಬಂಗಲೆಯ ಮೇಜಿಗೆ ಮೂವರು ಕೂತರು. ಬಸವಂತರಾಯ ತಾಟಿನಿಂದ ಕಣ್ಣೆತ್ತಲಿಲ್ಲ, ಅರ್ಧ ರೊಟ್ಟಿಗೆ ಕೈ ತೊಳೆದ. ಮನೆಯ ಹೆಂಗಸರು ಯಾರೂ ಹೊರಗೆ ಬರಲಿಲ್ಲ. ಎರಡನೆಯ ದಿನ, "ಆ ಶೇಂಗಾ ಹಿಂಡಿ ಈ ಕಡೆ ಕೊಡ್ರಿ," ಎಂದು ದ್ರೌಪದಿಗೆ ಹೇಳಿದ. ಅದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ಬಸವಂತರಾಯನ ಮನಸ್ಸು ಬದಲಾಯಿತೆಂದು ಭೀಮಶ್ಯಾ ಎಂದೂ ಹೇಳಿಕೊಳ್ಳಲಿಲ್ಲ; ಹಣ್ಣಿನ ಆಸೆಗೆ ಕೂತ ಎಂದೇ ಹೇಳುತ್ತಿದ್ದ. ಕೂತದ್ದಂತೂ ಖರೆ. ಆ ವರ್ಷ ಆ ಬಾಗಿನಿಂದ ಸೇಡಂ ಸ್ಟೇಷನ್ನಿಗೆ ಬಂಡಿಗಟ್ಟಲೆ ಹಣ್ಣು ಬಂತು, ಗುರುಲಿಂಗಪ್ಪನ ಮನೆಗೂ ಒಂದು ಬುಟ್ಟಿ ಹೋಯಿತು.

ಕಾಯಂ ಇರಲು ಬಸವಂತರಾಯ ಹೇಳಿಕಳಿಸಿದಾಗ ಇಬ್ಬರಲ್ಲಿ ಜಗಳವಾಯಿತು. ನೌಕರಿ ಬಿಟ್ಟು ಬಾಗಿಗೆ ಹೋಗೋಣ ಎಂದಳು ದ್ರೌಪದಿ. ಅಲ್ಲೇ ಇದ್ದರೆ ಅದೂ ಒಂದು ಖಣಿಯೇ ಎಂದ ಅವನು. ಕಡೆಗೆ ಅವಳು ಅವನನ್ನು ಕಾಯುವುದನ್ನೇ ಬಿಟ್ಟಳು. ಅಕ್ಟೋಬರ್ ಬಂತೆಂದರೆ ಕಾಲೊನಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಚಿತ್ತಾಪುರ, ಸೇಡಂ, ಮಳಖೇಡದ ಕಡೆ ಎಲ್ಲಿ ಕರೆದರೆ ಅಲ್ಲಿಗೆ ಚಾಟ್ನಿಗೆ ಹೋಗತೊಡಗಿದಳು. ಬಾಗಿನಲ್ಲಿ ಇರಲು ಒಂದು ಖೋಲಿ ಕೊಟ್ಟರೆ ಮಾತ್ರ ಬರುತ್ತೇವೆ ಎಂಬುದು ಅವಳ ಷರತ್ತು. ಕೆಲವರು ಬಾಗಿಲು ಮುಚ್ಚಿದರು, ಕೆಲವರು ಕೊಟ್ಟರು.

ಭೀಮಶ್ಯಾನಿಗೆ ೧೯೭೫ರಲ್ಲಿ ಶಹಾಬಾದಿಗೆ ವರ್ಗವಾಯಿತು. ಅಲ್ಲಿಯ ಕ್ವಾರ್ಟರ್ಸಿನ ಹಿತ್ತಲು ಬರೀ ಹಾಸುಗಲ್ಲು. ಮೂರು ಕಡೆ ಹಾರೆ ಹಾಕಿ ನೋಡಿದ, ಗೇಣು ಮಣ್ಣಿಗೇ ಕಲ್ಲು ಹತ್ತಿತು. ಬಳ್ಳಿಯಿಲ್ಲದ ಮನೆಯಲ್ಲಿ ಅವನ ಚಡಪಡಿಕೆ ಇನ್ನೂ ಹೆಚ್ಚಿತು. ೧೯೭೮ರಲ್ಲಿ ಪಾಸು ತೆಗೆದುಕೊಂಡು ಈವರೆಗೆ ಹೋಗದಷ್ಟು ದೂರ, ತಮಿಳುನಾಡಿನ ಮದುರೆಯ ಆಚೆ, ಗುಡ್ಡಗಳ ನಡುವಿನ ದ್ರಾಕ್ಷಿ ಸೀಮೆಗೆ ಹೋದ. ಹದಿನೈದು ದಿನ. ಭಾಷೆ ಬಾರದು, ಕೈಸನ್ನೆಯಲ್ಲೇ ಮಾತು. ಒಂದು ಬಾಗಿನ ಮಹಡಿಯ ಕೋಣೆಯಲ್ಲಿ ಉಳಿದಿದ್ದ. ಹೇಳಬೇಕಾದದ್ದು ಎಷ್ಟೋ ಇತ್ತು. ಅಷ್ಟನ್ನೂ ದಾರಿಯುದ್ದಕ್ಕೂ ಹೊಂದಿಸಿಕೊಳ್ಳುತ್ತ ಶಹಾಬಾದಿನಲ್ಲಿ ಇಳಿದು ಮನೆಗೆ ಬಂದರೆ ಬಾಗಿಲಿಗೆ ಬೀಗ.

"ಅಕ್ಕ ಚಿತ್ತಾಪುರದ ಕಡೀ ಬಾಗಿಗಿ ಹೋಗ್ಯಾಳ," ಎಂದರು ಪಕ್ಕದ ಮನೆಯವರು.

ಅವನು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ. ಇಷ್ಟು ವರ್ಷ ಅವಳು ಹೀಗೇ ಕೂತಿರಬೇಕಲ್ಲ ಎಂಬ ಯೋಚನೆ ಬಂದದ್ದೇ ಎದ್ದುಬಿಟ್ಟ. ಸ್ಟೇಷನ್ನಿಗೆ ಹೋಗಿ ಸಿಕ್ಕ ಗಾಡಿ ಹಿಡಿದು, ವಾಡಿಯಲ್ಲಿ ಬದಲಿಸಿ, ಚಿತ್ತಾಪುರದಲ್ಲಿ ಇಳಿದ. ಕೇಳುತ್ತ ಕೇಳುತ್ತ ನಡೆದು ಮಧ್ಯಾಹ್ನದ ಹೊತ್ತಿಗೆ ಬಾಗು ಮುಟ್ಟಿದ. ದ್ರೌಪದಿ ಹಂದರದ ಕೆಳಗೆ ಕಟ್ಟಿಗೆಯ ಸ್ಟೂಲಿನ ಮೇಲೆ ನಿಂತಿದ್ದಳು, ಕೂದಲಲ್ಲಿ ಎಲೆಯ ಚೂರು.

"ಬಂದ್ರಿ?" ಎಂದಳು, ಕೈ ನಿಲ್ಲಿಸದೆ. "ಇನ್ನಾ ಎಂಟು ದಿನ ಕೆಲಸ ಅದ. ಖೋಲಿ ಗಾಳಿಬೆಳಕಿಂದದ. ಇರ್ತೀರೇನು?"

"ಇರ್ತೀನಿ," ಎಂದ ಅವನು.

ಅವಳ ಪಕ್ಕದ ಸಾಲು ಹಿಡಿದು ಕಡಿದ. ಸಂಜೆ ಹೊತ್ತು ಮದುರೆಯ ಆಚೆಯ ಬಾಗುಗಳ ಸುದ್ದಿ ಹೇಳಿದ, ನಾಲ್ಕು ಹೆಂಗಸರೂ ಬಂದು ಕೂತು ಕೇಳಿದರು. ಹಾಗೆ ನಾಲ್ಕು ದಿನ. ಐದನೆಯ ದಿನ ಬೆಳಿಗ್ಗೆ ದ್ರೌಪದಿ ನೋಡಿದರೆ ಅವನು ಚಪ್ಪಲಿ ಮೆಟ್ಟಿ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಹೊಳೆಯ ಆಚೆ ಹೊಸದಾಗಿ ಯಾರೋ ಬಳ್ಳಿ ಹಾಕಿದ್ದಾರಂತೆ, ನೋಡಿ ಬರುತ್ತೇನೆ, ಎಂದ. ಅವಳು ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟು ತನ್ನ ಸಾಲಿಗೆ ಹೋದಳು.